ನಿವಾಳಿಸಿದ ರೊಟ್ಟಿ

ಮಾಕಳಿಯಲ್ಲಿ ಕಾರ್ಖಾನೆಗಳ ಗೋಡೆ ಮುಗಿದು ತಗಡಿನ ಶೀಟಿನ ಮನೆಗಳ ಸಾಲು ಶುರುವಾಗುವ ಕಡೆ ಬಸಕ್ಕನ ಮನೆ. ಯಾರನ್ನಾದರೂ ವಿಳಾಸ ಕೇಳಿ ನೋಡಿ, ಬೀದಿ ಹೆಸರು ಹೇಳುವುದಿಲ್ಲ, ಮನೆ ನಂಬರೂ ಹೇಳುವುದಿಲ್ಲ. ‘ರೊಟ್ಟಿ ಬಡಿಯೋ ಸದ್ದು ಕೇಳ್ಸುತ್ತಲ್ಲ, ಅತ್ಲಾಗೆ ಹೋಗಿ’ ಅನ್ನುತ್ತಾರೆ. ಪೀಣ್ಯದ ಲೇತ್ ಶಾಪುಗಳಲ್ಲಿ ದುಡಿಯುವ ಕೊಪ್ಪಳ, ಬಾಗಲಕೋಟೆ ಕಡೆಯ ಹುಡುಗರಿಗೆ ಮಧ್ಯಾಹ್ನದ ಬುತ್ತಿಗೆ ಬಸಕ್ಕನ ಜೋಳದ ರೊಟ್ಟಿಯೇ ಬೇಕು. ಈಚೆಗೆ ಅಪಾರ್ಟ್‌ಮೆಂಟಿನ ಹೆಂಗಸರೂ ಫೋನು ಮಾಡಿ, ‘ಆಂಟಿ, ಸ್ವಲ್ಪ ಸಾಫ್ಟ್ ಆಗಿರೋದು ಸಿಗುತ್ತಾ?’ ಎಂದು ಕೇಳುವುದುಂಟು. ‘ಸಾಫ್ಟ್ ಬೇಕಂದ್ರ ಬನ್ ತಿನ್ರಿ. ಕಟಿ ರೊಟ್ಟಿ ತಿನ್ನಾಕ ಹಲ್ಲಿರಬೇಕು’ ಎಂದು ಬಸಕ್ಕ ಫೋನು ಇಟ್ಟುಬಿಡುತ್ತಾಳೆ. ಮರುದಿನ ಅವರೇ ಮತ್ತೆ ಮಾಡುತ್ತಾರೆ.

ಆಕೆಯ ಬಾಯಿಯೇ ಹಾಗೆ. ಕುಷ್ಟಗಿ ಸೀಮೆಯಿಂದ ಬಂದು ಇಲ್ಲಿ ತಲೆ ನರೆತರೂ ಮಾತು ಮಾತ್ರ ಒಂದಿಷ್ಟೂ ಮೆತ್ತಗಾಗಿಲ್ಲ. ಗಂಡ ಗಂಗಪ್ಪ ಎದುರಿನ ಗೋದಾಮಿನ ವಾಚ್‌ಮನ್. ಬಾಯಿ ಬಿಡುವುದೇ ಅಪರೂಪ. ಕೇಳಿದರೆ, ‘ನನ್ನ ಪಾಲಿಂದೂ ಆಕಿನ ಮಾತಾಡ್ತಾಳ, ನನಗ್ಯಾಕ ತ್ರಾಸು’ ಅನ್ನುತ್ತಾನೆ. ಮಗ ಸಿದ್ರಾಮ ಲೇತ್ ಮೇಲೆ ಶಿಫ್ಟಿನ ಕೆಲಸದವನು, ಮನೆಯಲ್ಲಿ ಕಂಡರೆ ಮಲಗಿಯೇ ಕಾಣುತ್ತಾನೆ. ಸೊಸೆ ಮಹಾನಂದಾ ಅತ್ತೆ ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಸುಟ್ಟು ತೆಗೆಯುತ್ತಾಳೆ. ಮೊಮ್ಮಗಳು ಶಾಂಭವಿ ಇನ್ನೂ ಗೋಡೆ ಹಿಡಿದು ನಡೆಯುವ ಕೂಸು. ಇಷ್ಟು ಮಂದಿಯ ಮೇಲೆ ಇನ್ನೊಬ್ಬನಿದ್ದಾನೆ. ಅವನೇ ಮೋತ್ಯಾ, ಕಂದು ಬಣ್ಣದ ನಾಯಿ.

ಹಂಚಿನಿಂದ ಇಳಿಯುವ ಮೊದಲ ರೊಟ್ಟಿ ಮೋತ್ಯಾನದು. ಮನೆ ಯಜಮಾನನಿಗೂ ಎರಡನೆಯದೇ. ಗಂಗಪ್ಪ ಒಮ್ಮೆ ತಮಾಷೆಗೆ, ‘ಮುಂದಿನ ಜನ್ಮಕ್ಕ ನಾನೂ ನಾಯಾಗಿ ಹುಟ್ಟತೀನಿ’ ಅಂದದ್ದಕ್ಕೆ ಬಸಕ್ಕ ತಿರುಗಿ, ‘ಈ ಜನ್ಮದಾಗ ಏನು ಕಮ್ಮಿ ಆಗೈತಿ?’ ಅಂದಿದ್ದಳು. ಆದರೆ ಈ ಪ್ರೀತಿಗೆ ಕಾರಣವಿತ್ತು. ಅದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಶಾಂಭವಿಗಿಂತ ಮೊದಲು ಮಹಾನಂದಾಳಿಗೆ ಒಂದು ಗಂಡು ಕೂಸು ಹುಟ್ಟಿತ್ತು. ಗಂಗಪ್ಪನ ಅಪ್ಪನ ಹೆಸರನ್ನೇ ಇಟ್ಟಿದ್ದರು, ಮಡಿವಾಳಪ್ಪ ಅಂತ. ಹಲ್ಲು ಮೂಡುವ ಹೊತ್ತಿಗೆ ಜ್ವರ ಹತ್ತಿತು. ಆಸ್ಪತ್ರೆಗೆ ಒಯ್ದರು, ಸೂಜಿ ಹಾಕಿಸಿದರು, ದೇವರಿಗೆ ಹರಕೆ ಹೊತ್ತರು. ಕೂಸು ಉಳಿಯಲಿಲ್ಲ. ಆಮೇಲೆ ಆ ಮನೆಯಲ್ಲಿ ರೊಟ್ಟಿ ಸಪ್ಪಳ ನಿಂತುಹೋಯಿತು. ಹಂಚು ತಣ್ಣಗೆ ಗೋಡೆಗೆ ಒರಗಿತ್ತು. ಆಗ ಎಲ್ಲಿಂದಲೋ ಬಂದ ಒಂದು ಮರಿನಾಯಿ ಬಾಗಿಲಲ್ಲಿ ಮಲಗಿತು. ಅಟ್ಟಿದರೆ ಎದ್ದುಹೋಗಿ ಮತ್ತೆ ಬಂದು ಅಲ್ಲಿಯೇ ಮಲಗಿತು. ಹಸಿದ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಬಸಕ್ಕ ಬೈಯುತ್ತಲೇ ಎದ್ದು, ಹಿಟ್ಟು ಕಲಸಿ, ಅದಕ್ಕೊಂದು ರೊಟ್ಟಿ ಬಡಿದಳು. ಹಂಚು ಕಾದಿದೆ, ಹಿಟ್ಟು ಮಿಕ್ಕಿದೆ ಎಂದು ಇನ್ನೊಂದು ಬಡಿದಳು. ಹೀಗೆ ಆ ಮನೆಯ ಒಲೆ ಮತ್ತೆ ಹೊತ್ತಿತು. ನಾಯಿ ಮನೆ ಕಾಯುತ್ತದೆ ಅನ್ನುತ್ತಾರಲ್ಲ, ಮೋತ್ಯಾ ಕಳ್ಳರಿಂದ ಏನು ಕಾದನೋ ಗೊತ್ತಿಲ್ಲ, ಬಸಕ್ಕನನ್ನಂತೂ ಕಾದ.

ಇನ್ನೊಂದು ಮಾತು ಹೇಳದಿದ್ದರೆ ಬಸಕ್ಕ ಪೂರ್ತಿ ಆಗುವುದಿಲ್ಲ. ಆ ಸಾಲುಮನೆಗಳಲ್ಲಿ ಯಾವ ಕೂಸು ಹಟ ಹಿಡಿದು ಅತ್ತರೂ, ಯಾರಿಗೆ ಊಟ ಸೇರದಿದ್ದರೂ, ಮೊದಲು ಕೇಳಿಸುವ ಹೆಸರು ಆಕೆಯದು. ‘ಬಸಕ್ಕಾ, ಒಂದೀಟು ನಿವಾಳಿಸಿ ಹಾಕು ಬಾರವ್ವಾ.’ ಆಕೆ ಹೋಗುತ್ತಾಳೆ. ಒಂದು ರೊಟ್ಟಿಗೆ ಎಣ್ಣೆ ಸವರಿ, ಅದರ ಮೇಲೆ ಉಪ್ಪು, ಅರಿಸಿನ ಇಟ್ಟು, ಕೂಸಿನ ತಲೆಯಿಂದ ಪಾದದವರೆಗೆ ಇಳಿಸಿ ನಿವಾಳಿಸುತ್ತಾಳೆ. ಆಮೇಲೆ ದಾರಿ ಕೂಡುವ ಕಡೆ ಆ ರೊಟ್ಟಿಯನ್ನು ನಾಯಿಗೆ ಹಾಕಿ, ಹಿಂದಕ್ಕೆ ನೋಡದೆ ಮನೆಗೆ ಬರುತ್ತಾಳೆ. ಕೂಸಿಗೆ ತಗಲಿದ್ದನ್ನು ನಾಯಿ ತಿಂದು ಒಯ್ಯುತ್ತದೆ ಎಂಬುದು ಲೆಕ್ಕ. ಇದರಲ್ಲಿ ಎರಡು ಕಟ್ಟುನಿಟ್ಟು ಇವೆ. ಹಾಕಿದ ಮೇಲೆ ತಿರುಗಿ ನೋಡಬಾರದು. ಮತ್ತೆ, ಸಾಕಿದ ನಾಯಿಗೆ ಹಾಕಬಾರದು. ತಿಂದ ನಾಯಿ ತಿರುಗಿ ಅದೇ ಮನೆಗೆ ಬಂದರೆ ಕಳಿಸಿದ್ದೇನು, ಉಳಿದದ್ದೇನು?

ಮುಂಗಾರು ಜಡಿದು ಹೊಯ್ಯುತ್ತಿದ್ದ ವಾರ. ಶಾಂಭವಿಗೆ ಜ್ವರ ಬಂತು. ಡಾಕ್ಟರ ಔಷಧಿ ನಡೆದೇ ಇತ್ತು. ಆದರೂ ಕೂಸು ಬಾಯಿ ಬಿಡದು, ಮೊಲೆ ಹಿಡಿಯದು, ಕಣ್ಣು ಮೇಲೆ ಮಾಡಿ ಮಲಗಿತ್ತು. ಮಹಾನಂದಾ ಕೂಸಿನ ಪಕ್ಕ ಬಿಟ್ಟು ಏಳಲಿಲ್ಲ, ಅಳಲೂ ಇಲ್ಲ. ಅವಳು ಅಳದೆ ಕೂತದ್ದನ್ನು ಕಂಡೇ ಬಸಕ್ಕನಿಗೆ ಭಯವಾಯಿತು. ಸಂಜೆಯ ಮಬ್ಬಿನಲ್ಲಿ ರೊಟ್ಟಿ ನಿವಾಳಿಸಿ, ಸೆರಗನ್ನು ತಲೆಗೆ ಹೊದ್ದು ಮಳೆಯಲ್ಲೇ ಹೊರಟಳು. ಗೋದಾಮಿನ ತಿರುವಿನಲ್ಲಿ ನಿಂತ ಲಾರಿಯ ಅಡಿಗೆ, ಸ್ವಲ್ಪ ಒಣಗಿದ ನೆಲ ನೋಡಿ ರೊಟ್ಟಿ ಇಟ್ಟಳು. ಬೀದಿನಾಯಿ ಒಂದೂ ಕಾಣಲಿಲ್ಲ. ಬಂದೇ ಬರುತ್ತವೆ ಎಂದುಕೊಂಡು ತಿರುಗಿ ನೋಡದೆ ಮನೆಗೆ ಬಂದಳು. ಮೋತ್ಯಾನನ್ನು ಕಟ್ಟಿಹಾಕಿ ಹೋಗಬೇಕೆಂಬುದು ಆ ಗಡಿಬಿಡಿಯಲ್ಲಿ ಆಕೆಗೆ ನೆನಪಾಗಲಿಲ್ಲ.

ಬೆಳಗಾಗುವಾಗ ಕೂಸಿನ ಮೈ ಬೆವೆತು ತಣ್ಣಗಾಗಿತ್ತು. ಎದ್ದು ಕೂತು ಅಜ್ಜಿಯ ಕಡೆ ಕೈ ಚಾಚಿ, ‘ಒಟ್ಟಿ’ ಅಂದಿತು. ಮಹಾನಂದಾ ಆಗ ಅತ್ತಳು ನೋಡಿ, ತಡೆದಿಟ್ಟ ಅಳುವೆಲ್ಲ ಬಂತು. ಬಸಕ್ಕ, ‘ಏ ಹುಚ್ಚೀ, ಈಗ್ಯಾಕ ಅಳ್ತಿ, ಕೂಸು ಉಣ್ಣಾಕ ಕೇಳೈತಿ, ಹಂಚು ಇಡು’ ಎಂದು ಗದರಿ, ತಾನೂ ಕಣ್ಣು ಒರೆಸಿಕೊಂಡಳು. ಮಳೆ ನಿಂತಿತ್ತು. ಮನೆಯಲ್ಲಿ ಹೊಗೆ, ಹಿಟ್ಟಿನ ವಾಸನೆ ತುಂಬಿತು. ಮೊದಲ ರೊಟ್ಟಿ ಇಳಿಸಿ ಬಸಕ್ಕ ಎಂದಿನಂತೆ ಬಾಗಿಲ ಕಡೆ ನೋಡಿ ಕೂಗಿದಳು, ‘ಮೋತ್ಯಾ, ಬಾರಲೇ!’

ಮೋತ್ಯಾ ಬರಲಿಲ್ಲ; ಡಬ್ಬಿಗಳಿಗೆ ಬೇಕಾದ ರೊಟ್ಟಿಯೆಲ್ಲ ಸುಟ್ಟಾದ ಮೇಲೆ ಮತ್ತೊಮ್ಮೆ ಕೂಗಿದಾಗ ಬಂದ. ಆದರೆ ಹಿತ್ತಲ ಚರಂಡಿ ಕಡೆಯಿಂದ, ತಲೆ ಕೊಡವಿಕೊಳ್ಳುತ್ತ, ಅಡ್ಡಾದಿಡ್ಡಿ ಹೆಜ್ಜೆ ಹಾಕುತ್ತ ಬಂದ. ಬಾಯಿಯ ಎರಡೂ ಕಡೆಯಿಂದ ಜೊಲ್ಲು ದಾರ ದಾರವಾಗಿ ಇಳಿಯುತ್ತಿತ್ತು. ಮುಂಗಾಲಿನಿಂದ ಮೋರೆ ಉಜ್ಜಿಕೊಂಡ. ಬೆನ್ನು ಬಿಲ್ಲಿನಂತೆ ಬಾಗಿ, ಹೊಟ್ಟೆ ಹಿಂಡಿ, ಹಳದಿ ನೊರೆ ಕಾರಿಕೊಂಡ. ರೊಟ್ಟಿಯನ್ನು ಮೂಸಿಯೂ ನೋಡಲಿಲ್ಲ. ಮತ್ತೆ ಕಾರಿದ. ಆಮೇಲೆ ಬಸಕ್ಕನ ಕಾಲ ಬುಡದಲ್ಲಿ ಕುಸಿದ.

‘ಯವ್ವಾ! ಇದಕ್ಕೇನಾತು?’ ಬಸಕ್ಕನ ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು.

ಸಿದ್ರಾಮ ಇನ್ನೂ ಶಿಫ್ಟಿನಲ್ಲಿದ್ದ. ಅಷ್ಟು ಹೊತ್ತಿಗೆ ಪಾಳಿ ಮುಗಿಸಿ ಗಂಗಪ್ಪ ಬಂದ. ನಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಮಾತಾಡದವನು ಮಾತಾಡಿದರೆ ಇಂಥದ್ದೇ ಆಡುತ್ತಾನೇನೋ. ‘ನಿನ್ನೆ ಸಂಜಿಕ ನೀ ಲಾರಿ ಕೆಳಗ ಇಟ್ಟಿದ್ದು ಇದ ತಿಂತು. ನಿನ್ನ ಹಿಂದ ಬಂದಿತ್ತು. ಗೋದಾಮಿನ ಗೇಟಿನಿಂದ ನೋಡಿದೆ. ಕೂಗಬೇಕಂದೆ. ನೀ ತಿರುಗಿ ನೋಡಬಾರದಲ್ಲ, ಅದಕ್ಕ ಸುಮ್ಮನಾದೆ.’

ಬಸಕ್ಕನಿಗೆ ಲೆಕ್ಕ ತಿಳಿಯಿತು. ಕೂಸಿಗೆ ತಗಲಿದ್ದನ್ನು ನಾಯಿ ತಗೊಂಡಿದೆ. ಊರ ನಾಯಿಯಲ್ಲ, ತನ್ನ ನಾಯಿ. ಬೇರೆ ಯಾವ ನಾಯಿ ಬಂದೀತು? ಆಕೆಯ ಕೈ ರೊಟ್ಟಿಯ ವಾಸನೆ ಹಿಡಿದು ಮಳೆಯಲ್ಲಿ ಹಿಂದೆ ಬರುವ ನಾಯಿ ಜಗತ್ತಿನಲ್ಲಿ ಇದ್ದದ್ದು ಇದೊಂದೇ. ತಾನೇ ಇಟ್ಟ ವಿಷ ಅನ್ನಿಸಿತು ಆಕೆಗೆ. ಕೂತು ಅದರ ತಲೆ ನೇವರಿಸಿ, ಸೆರಗಿನ ತುದಿಯಿಂದ ಬಾಯಿಯ ನೊರೆ ಒರೆಸಿದಳು.

ರೊಟ್ಟಿಯ ಡಬ್ಬಿಗಳನ್ನು ಪೀಣ್ಯಕ್ಕೆ ಒಯ್ಯುವ ಶ್ಯಾಮಣ್ಣ ತನ್ನ ಲಗೇಜ್ ಆಟೊ ತಂದು ನಿಲ್ಲಿಸಿದ. ನೆಲಮಂಗಲದ ಕಡೆಯವನು, ಮನಸ್ಸು ಒಳ್ಳೆಯದು, ಗಂಟಲು ಮಾತ್ರ ದೊಡ್ಡದು. ‘ಏನಕ್ಕ, ಬಾಯಾಗೆ ನೊರೆ ಬತ್ತೈತೆ! ಉಚ್ಚು ಗಿಚ್ಚು ಇಡ್ಕಂಡೈತಾ? ದೂರ ನಿಂತ್ಕೋ ಅಕ್ಕ!’

‘ನಿನಗ ಹಿಡದೈತಿ ಹುಚ್ಚು. ನಾಯಿ ಹಿಡಿಯವ್ರು ವರ್ಷಾ ಬಲಿ ಬೀಸಿ ಹಿಡದು ಹುಚ್ಚಿನ ಸೂಜಿ ಹಾಕಿ ಹೋಗ್ತಾರ ಇದಕ್ಕ, ಕಿವಿ ತುದಿ ಕತ್ತರಿಸಿದ್ದು ಕಾಣೂದಿಲ್ಲೇನು?’ ಬಸಕ್ಕ ಎದ್ದಳು. ‘ಡಬ್ಬಿ ಆಮ್ಯಾಲ ಒಯ್ಯಿ. ನಾಯಿ ಹಾಕ್ಕೊ. ಹೈವೇ ಬಾಜೂಕ ನಾಯಿ ಡಾಕ್ಟರ್ ಒಬ್ಬಾಕಿ ಅದಾಳಲ್ಲ, ಅಲ್ಲಿಗೆ ಹೊಡಿ.’

‘ಅತ್ತೀ, ಬ್ಯಾಡ್ರಿ.’

ಮಹಾನಂದಾ ಬಾಗಿಲಲ್ಲಿ ನಿಂತಿದ್ದಳು. ಕೂಸನ್ನು ಎದೆಗೆ ಅವುಚಿಕೊಂಡಿದ್ದಳು.

‘ಬ್ಯಾಡ ಅಂದ್ರ? ಸಾಯ್ಲೇನು?’

ಮಹಾನಂದಾ ಅತ್ತೆಗೆ ಎದುರಾಡಿದವಳಲ್ಲ. ಆಡಿದ್ದರೆ ಆ ಮನೆಯಲ್ಲಿ ಗಾಳಿಗೂ ಜಾಗ ಇರುತ್ತಿರಲಿಲ್ಲ. ಇವತ್ತು ಮೆತ್ತಗಿನ ದನಿಯಲ್ಲೇ, ಒಂದೊಂದೇ ಮಾತು ಜೋಡಿಸಿ ಹೇಳಿದಳು. ‘ಮಡಿವಾಳಪ್ಪಂಗ ಜ್ವರ ಬಂದಾಗೂ ನೀವು ನಿವಾಳಿಸಿ ಹಾಕಿದ್ರಿ. ಗೇಟಿನ ಕಡಿ ಕರಿ ನಾಯಿ ತಿಂತು. ಅದಕ್ಕ ಏನಾತ್ರಿ? ಏನೂ ಆಗಲಿಲ್ಲ. ಇನ್ನೂ ಗುಂಡಕಲ್ಲಿನಂಗ ತಿರಗ್ಯಾಡ್ತೈತಿ. ಅದು ತಗೊಳಲಿಲ್ಲ, ಅದಕ್ಕ ನನ್ನ ಕೂಸು ಹೋತು. ಈ ಸಲ ಮೋತ್ಯಾ ತಗೊಂಡೈತಿ. ಕೂಸು ಎದ್ದು ರೊಟ್ಟಿ ಕೇಳಾಕತ್ತೈತಿ. ಈಗ ಡಾಕ್ಟರ್ ಅದನ್ನ ನಾಯಿಂದ ಬಿಡಿಸಿದ್ರ, ಅದು ಎಲ್ಲಿಗೆ ಹೋಗ್ತೈತಿ? ನೀವ ಹೇಳ್ರಿ ಅತ್ತಿ. ನೀವ ಹೇಳಿಕೊಟ್ಟಿದ್ದಲ್ಲೇನು ಇದು?’

ಬಸಕ್ಕ ಸೊಸೆಯ ಮಾತಿನಲ್ಲಿ ಒಂದು ತಪ್ಪು ಹುಡುಕಿದಳು, ಸಿಗಲಿಲ್ಲ. ತಾನು ಹೇಳಿಕೊಟ್ಟ ಪಾಠವನ್ನು ಅವಳು ಅಷ್ಟು ಚೆನ್ನಾಗಿ ಕಲಿತಿದ್ದಳು. ಅತ್ತ ದರಿ, ಇತ್ತ ಪುಲಿ. ಒಂದು ಕಡೆ ಕಾಲ ಬುಡದಲ್ಲಿ ಮೋತ್ಯಾ ಉಸಿರಿಗೆ ಒದ್ದಾಡುತ್ತಿದ್ದಾನೆ. ಇನ್ನೊಂದು ಕಡೆ ಬಾಗಿಲಲ್ಲಿ ಮಹಾನಂದಾ, ಅವಳ ತೋಳಲ್ಲಿ ಈಗಷ್ಟೇ ನಕ್ಕ ಕೂಸು.

‘ಅದೆಲ್ಲ ಖರೇ ಅಲ್ಲ’ ಎಂದು ಒಂದೇ ಮಾತಲ್ಲಿ ತಳ್ಳಿಹಾಕಬಹುದಿತ್ತು. ಪೇಟೆಯ ಜನ ದಿನಾ ಹಾಗೆ ತಳ್ಳಿಹಾಕುತ್ತಾರೆ. ಆದರೆ ನಂಬಿಕೆಯನ್ನು ಬೇಕಾದಾಗ ತೊಟ್ಟು ಬೇಡವಾದಾಗ ಕಳಚಿಡಲು ಅದೇನು ರವಿಕೆಯೇ? ಆಕೆಯ ಅವ್ವ ನಿವಾಳಿಸುತ್ತಿದ್ದಳು, ಅವ್ವನ ಅವ್ವ ನಿವಾಳಿಸುತ್ತಿದ್ದಳು. ಸಾಲುಮನೆಯ ಎಷ್ಟೋ ಕೂಸುಗಳು ತನ್ನ ಕೈಯಿಂದಲೇ ಎದ್ದಿವೆ ಎಂದು ಬಸಕ್ಕ ನಂಬಿದ್ದಳು. ನಂಬಿದ್ದಕ್ಕೇ ಮಡಿವಾಳಪ್ಪ ಹೋದಾಗ ತನ್ನ ಕೈ ಎಲ್ಲಿ ತಪ್ಪಿತು ಎಂದು ಒಳಗೊಳಗೇ ಬೆಂದಿದ್ದಳು. ಸೊಸೆ ಹೇಳಿದ್ದು ಸುಳ್ಳೆಂದರೆ ಅದೆಲ್ಲವೂ ಸುಳ್ಳು. ನಿಜವೆಂದರೆ ಮೋತ್ಯಾ ಸಾಯಬೇಕು.

ಶ್ಯಾಮಣ್ಣ ತಲೆ ಕೆರೆದುಕೊಂಡ. ‘ಅಕ್ಕ, ಏನಾರ ಮಾಡದಾದ್ರೆ ಬೇಗ ಮಾಡು. ಅದರ ಕಣ್ಣು ಮೇಕಾಗ್ತಾ ಐತೆ.’

ಬಸಕ್ಕ ಒಳಗೆ ಹೋದಳು. ಬುಟ್ಟಿಯಿಂದ ಬಿಸಿ ರೊಟ್ಟಿಯೊಂದನ್ನು ತೆಗೆದಳು. ಎಣ್ಣೆ ಸವರಿದಳು, ಉಪ್ಪು ಇಟ್ಟಳು, ಅರಿಸಿನ ಇಟ್ಟಳು. ಹೊರಗೆ ಬಂದು ಮೋತ್ಯಾನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಕೂಸಿಗೆ ಇಳಿಸಿದ ಹಾಗೆಯೇ ತಲೆಯಿಂದ ಬಾಲದ ತುದಿಯವರೆಗೆ ಇಳಿಸಿ ನಿವಾಳಿಸಿದಳು. ನಾಯಿಗೆ ನಿವಾಳಿಸಿದ್ದನ್ನು ಆ ಸಾಲಿನಲ್ಲಿ ಯಾರೂ ಕಂಡಿರಲಿಲ್ಲ. ಪಕ್ಕದ ಮನೆಯ ಹೆಂಗಸರು ಬಿಂದಿಗೆ ಹಿಡಿದೇ ನಿಂತುಬಿಟ್ಟರು. ಈಗ ಇದನ್ನು ಯಾವ ನಾಯಿಗೆ ಹಾಕುತ್ತಾಳೋ ಎಂದು ಎಲ್ಲರೂ ನೋಡುತ್ತಿರುವಾಗ, ಬಸಕ್ಕ ಆ ರೊಟ್ಟಿ ಮುರಿದು ತನ್ನ ಬಾಯಿಗೇ ಹಾಕಿಕೊಂಡಳು.

‘ಅತ್ತೀ!’ ಮಹಾನಂದಾ ಚೀರಿದಳು.

ಬಸಕ್ಕ ಅಗಿದಳು. ಉಪ್ಪಿನ ಹರಳು ಕಟಕಟ ಅಂದಿತು, ಅರಿಸಿನ ಗಂಟಲಿಗೆ ಒತ್ತಿತು. ನುಂಗಿದಳು. ಇನ್ನೊಂದು ಚೂರು ಮುರಿದಳು. ಕೊನೆಯ ಚೂರಿನ ತನಕ ಬಿಡಲಿಲ್ಲ. ಬಿಕ್ಕಳಿಕೆ ಬಂತು. ಗಂಗಪ್ಪ ಓಡಿಹೋಗಿ ತಂಬಿಗೆಯಲ್ಲಿ ನೀರು ತಂದ. ಗಡಿಬಿಡಿಯಲ್ಲಿ ಅರ್ಧ ನೀರು ಆಕೆಯ ಸೀರೆಯ ಮೇಲೆ ಚೆಲ್ಲಿತು. ‘ತಲಿ ಕೆಟ್ಟೈತೇನ ನಿನಗ?’ ಎಂದ. ಆಕೆಯ ಮೇಲೆ ಅವನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ಬಸಕ್ಕ ಬಾಯಿ ಒರೆಸಿಕೊಂಡು ಸೊಸೆಯ ಕಡೆ ತಿರುಗಿದಳು. ‘ನೋಡವ್ವಾ. ಈಗ ಅದು ನಾಯಿ ಹೊಟ್ಯಾಗ ಇಲ್ಲ, ನನ್ನ ಹೊಟ್ಯಾಗ ಐತಿ. ನಾಯಿ ಉಳಿದ್ರೂ ಕೂಸಿಗೆ ತಿರುಗಿ ಬರೂದಿಲ್ಲ. ನಾ ಗಟ್ಟಿ ಮುದುಕಿ ಅದೀನಿ, ಯಾರಿಗೂ ಬಿಟ್ಟು ಕೊಡೂದಿಲ್ಲ. ಈಗ ದಾರಿ ಬಿಡು.’

ಮಹಾನಂದಾ ದಾರಿ ಬಿಟ್ಟಳು. ಬಿಟ್ಟವಳು ಹಿಂದೆ ಉಳಿಯಲಿಲ್ಲ. ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು, ಚಪ್ಪಲಿ ಹುಡುಕುವುದನ್ನೂ ಬಿಟ್ಟು ಬಂದು ಆಟೊದ ಮುಂದಿನ ಸೀಟಿನಲ್ಲಿ ಶ್ಯಾಮಣ್ಣನ ಪಕ್ಕ ಇಕ್ಕಟ್ಟಿನಲ್ಲಿ ಕೂತಳು. ಬಸಕ್ಕ ಹಿಂದೆ, ಡಬ್ಬಿಗಳನ್ನು ಇಡುವ ಖಾಲಿ ಜಾಗದಲ್ಲಿ, ಗೋಣಿಚೀಲದ ಮೇಲೆ ಮೋತ್ಯಾನ ತಲೆಯನ್ನು ತೊಡೆಗೆ ಇಟ್ಟುಕೊಂಡು ಕೂತಳು. ತುಮಕೂರು ರಸ್ತೆಯಲ್ಲಿ ಬೆಳಗಿನ ಟ್ರಾಫಿಕ್ಕು ಎಂದಿನಂತೆ ಜಾಮಾಗಿ ನಿಂತಿತ್ತು. ಶ್ಯಾಮಣ್ಣ ಹಾರನ್ ಮೇಲಿಂದ ಕೈ ತೆಗೆಯಲಿಲ್ಲ. ‘ಪೇಸೆಂಟ್ ಐತೆ ಗುರು, ಜಾಗ ಬಿಡಪ್ಪಾ!’ ಎಂದು ಕೂಗುತ್ತ ಬಸ್ಸುಗಳ ಸಂದಿನಲ್ಲಿ ನುಗ್ಗಿಸಿದ. ಯಾವ ಪೇಷಂಟ್ ಎಂದು ಯಾರೂ ಕೇಳಲಿಲ್ಲ.

ದಾರಿಯುದ್ದಕ್ಕೂ ಬಸಕ್ಕ ತನ್ನ ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡಿದ್ದಳು. ತಿನ್ನುವಾಗ ಇದ್ದ ಧೈರ್ಯ ತಿಂದ ಮೇಲೆ ಇರಲಿಲ್ಲ. ನಿಜ ಹೇಳಬೇಕೆಂದರೆ ಆಕೆಗೆ ಸಾಯುವ ಭಯ ಬಂದಿತ್ತು. ಸಾಯಲು ಇನ್ನೂ ಮನಸ್ಸಿರಲಿಲ್ಲ. ಮೋತ್ಯಾ ಅಷ್ಟು ಸಂಕಟದಲ್ಲೂ ಆಕೆಯ ಕೈಯನ್ನು ಒಮ್ಮೆ ನೆಕ್ಕಿದ. ‘ಸುಮ್ಮನ ಮಲಕೊಳಲೇ, ಉಪಚಾರ ಮಾಡಾಕ ಹೋಗಬ್ಯಾಡ’ ಎಂದು ಬೈದಳು.

ಕ್ಲಿನಿಕ್ಕು ಸಣ್ಣದು, ಡಾಕ್ಟರೂ ಸಣ್ಣ ವಯಸ್ಸಿನವಳು, ಕಾವ್ಯಾ ಅಂತ. ನೋಡಿದ ಕೂಡಲೇ ಕೈಗವಸು ಹಾಕಿಕೊಂಡು, ಮೊದಲು ಆ್ಯಂಟಿ ರೇಬೀಸ್ ಸೂಜಿ ಆಗಿದೆಯಾ ಎಂದು ಕೇಳಿದಳು. ಆಗಿದೆ ಎಂದು ತಿಳಿದ ಮೇಲೆ ಮೋತ್ಯಾನ ಬಾಯಿ ಬಿಡಿಸಿ ಟಾರ್ಚು ಹಾಕಿ ನೋಡಿದಳು. ಒಸಡೆಲ್ಲ ಕೆಂಪಗೆ ಕೆರಳಿತ್ತು.

‘ಏನು ತಿಂತಮ್ಮ ಇದು?’

‘ರೊಟ್ಟಿ’ ಅಂದಳು ಬಸಕ್ಕ. ಆಮೇಲೆ ಮುಚ್ಚಿಟ್ಟರೆ ನಾಯಿಗೆ ಮದ್ದು ತಪ್ಪೀತು ಎಂದು ಹೆದರಿ, ದನಿ ತಗ್ಗಿಸಿ ಹೇಳಿದಳು. ‘ಮಮ್ಮಗಳಿಗೆ ನಿವಾಳಿಸಿದ್ದುರಿ. ನಿನ್ನೆ ಸಂಜಿಕ.’

ಕಾವ್ಯಾ ನಗಲಿಲ್ಲ. ‘ನಮ್ಮಜ್ಜಿನೂ ಮಾಡೋರು’ ಅಂದಳು ಅಷ್ಟೇ. ‘ಅದರಿಂದ ಆಗಿದ್ದಲ್ಲಮ್ಮ ಇದು. ರಾತ್ರಿಯೆಲ್ಲ ಚೆನ್ನಾಗೇ ಇತ್ತು ತಾನೆ? ಬೆಳಿಗ್ಗೆ ಒಮ್ಮೆಗೇ ಶುರುವಾಯ್ತಾ? ನಿಮ್ಮ ಮನೆ ಹತ್ರ ನೀರು ನಿಲ್ಲೋ ಜಾಗ ಇದೆಯಾ?’

‘ಹಿಂದ ಚರಂಡಿ ಐತ್ರಿ.’

‘ಹಾಗಾದ್ರೆ ಕಪ್ಪೆಗೆ ಬಾಯಿ ಹಾಕಿದೆ. ನೆಲಗಪ್ಪೆ, ಮೈಯೆಲ್ಲ ಗುಳ್ಳೆ ಗುಳ್ಳೆ ಇರುತ್ತಲ್ಲ, ಅದು. ಅದರ ಚರ್ಮದಲ್ಲಿ ವಿಷ ಇರುತ್ತೆ. ಬಾಯಿಗೆ ತಾಗಿದ ತಕ್ಷಣ ಜೊಲ್ಲು, ವಾಂತಿ. ಮಳೆ ಶುರುವಾದಾಗಿಂದ ನನಗೆ ಇದೇ ಕೇಸು. ಟೈಮಿಗೆ ಕರ್ಕೊಂಡು ಬಂದ್ರಿ. ತಡ ಮಾಡಿದ್ರೆ ಹಾರ್ಟಿಗೆ ಹೊಡೀತಿತ್ತು.’

ಮೋತ್ಯಾನ ಮೋರೆಯನ್ನು ಕೆಳಗೆ ಬಾಗಿಸಿ, ನೀರು ಗಂಟಲಿಗೆ ಇಳಿಯದ ಹಾಗೆ, ಪೈಪಿನಿಂದ ಬಾಯಿ ತೊಳೆದಳು. ತೊಳೆದು ತೊಳೆದು ನೊರೆ ತೆಳ್ಳಗಾಯಿತು. ಸೂಜಿ ಕೊಟ್ಟಳು. ಮುಂಗಾಲಿನ ಕೂದಲು ಬೋಳಿಸಿ ಗ್ಲೂಕೋಸ್ ಹಚ್ಚಿದಳು. ‘ಇದು ಮುಗಿಯೋವರೆಗೂ ಇಲ್ಲೇ ಕೂತಿರಿ. ಉಳ್ಕೊಳುತ್ತೆ, ಭಯ ಬೇಡ’ ಎಂದು ಬೇರೆ ನಾಯಿಯನ್ನು ನೋಡಲು ಹೋದಳು. ಶ್ಯಾಮಣ್ಣ ಮನೆಯಲ್ಲಿ ಉಳಿದ ಡಬ್ಬಿಗಳನ್ನು ತಗೊಂಡು ಮುಟ್ಟಿಸಿ ಬರುತ್ತೇನೆಂದು ಹೊರಟ. ಪೀಣ್ಯದಲ್ಲಿ ಹುಡುಗರು ಹಸಿದು ಕೂತಿರುತ್ತಾರೆ.

ಗೋಡೆಯ ಬದಿಯ ಬೆಂಚಿನ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದರು. ಕಾಲ ಬಳಿ ಮೋತ್ಯಾ ಮಲಗಿದ್ದ. ಶಾಂಭವಿ ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು, ಹಣೆ ತಣ್ಣಗಿತ್ತು. ಬಸಕ್ಕನಿಗೆ ಜೀವ ಬಂದ ಹಾಗಾಗಿತ್ತು. ‘ಕಪ್ಪಿ ಅಂತ ಕಪ್ಪಿ! ಇದಕ್ಕ ಮೂರು ಹೊತ್ತು ರೊಟ್ಟಿ ಹಾಕಿದ್ರೂ ಕಪ್ಪಿಗಿ ಬಾಯಿ ಹಾಕ್ತೈತಂದ್ರ, ಎಂಥಾ ಚಪಲ ಇರಬೇಕು’ ಎಂದು ನಗಾಡಿದಳು. ಸೊಸೆಯೂ ನಗುತ್ತಾಳೆ ಎಂದುಕೊಂಡಿದ್ದಳು. ಮಹಾನಂದಾ ನಗಲಿಲ್ಲ. ಗ್ಲೂಕೋಸಿನ ಬಾಟಲಿಯನ್ನೇ ನೋಡುತ್ತ ಕೂತಿದ್ದಳು.

‘ಅತ್ತೀ.’

‘ಹೂಂ.’

‘ಮಡಿವಾಳಪ್ಪಂದೂ ಹಿಂಗ ನೀವ ತಿಂದಿದ್ರ?’

ಸಿಟ್ಟಿನಿಂದ ಕೇಳಲಿಲ್ಲ ಅವಳು. ಸಿಟ್ಟಿನಿಂದ ಕೇಳಿದ್ದರೆ ಬಸಕ್ಕನಿಗೆ ಸುಲಭವಿತ್ತು, ಎರಡು ಮಾತು ಹೆಚ್ಚಿಗೆ ಆಡಿ ಮುಗಿಸುತ್ತಿದ್ದಳು. ಸುಮ್ಮನೆ ಕೇಳಿದಳು. ಬಸಕ್ಕನ ನಗು ಬಾಯಿಯಲ್ಲೇ ಸತ್ತಿತು. ನಾಯಿಗಾಗಿ ತಿಂದವಳು ಮೊಮ್ಮಗನಿಗಾಗಿ ತಿನ್ನಲಿಲ್ಲ. ಅಂದು ಗೇಟಿನ ಬಳಿ ಕರಿ ನಾಯಿಗೆ ಹಾಕಿ, ತಿರುಗಿ ನೋಡದೆ, ನೆಟ್ಟಗೆ ನಡೆದು ಬಂದಿದ್ದಳು.

‘ಹೊಳೀಲಿಲ್ಲವ್ವಾ’ ಅಂದಳು. ‘ಮನುಷ್ಯಾರು ತಿನ್ನಬಹುದು ಅಂತ ನನಗ ಆವಾಗ ಹೊಳೀಲೇ ಇಲ್ಲ.’

‘ನನಗೂ ಹೊಳೀಲಿಲ್ರಿ.’ ಮಹಾನಂದಾಳ ಕಣ್ಣೀರು ಕೂಸಿನ ಟವೆಲಿನ ಮೇಲೆ ಬಿತ್ತು. ‘ನೀವಾದ್ರ ಅಜ್ಜಿ. ಹೆತ್ತಾಕಿ ನಾನು. ನಾ ಕಿಡಕ್ಯಾಗ ನಿಂತು ಆ ನಾಯಿ ತಿನ್ನೂದು ನೋಡಿದೆ. ತಿನ್ನವ್ವಾ, ಪೂರಾ ತಿನ್ನು ಅಂತ ಅದಕ್ಕ ಕೈ ಮುಗಿದೆ. ಓಡಿಹೋಗಿ ಕಸಕೊಂಡು ನಾನ ತಿನ್ನಬೇಕಾಗಿತ್ತು. ಡಾಕ್ಟರ್ ಕಪ್ಪಿ ಅಂತಾರ, ಇರಬಹುದು. ಆದ್ರ ನೀವು ತಿನ್ನೂದು ನೋಡಿದಾಗಿಂದ ಇದ ತಲ್ಯಾಗ ತಿರಗಾಕತ್ತೈತ್ರಿ ಅತ್ತಿ. ನಾ ತಿಂದಿದ್ರ ನನ್ನ ಮಗ ಇರ್ತಿದ್ದ.’

ಬಸಕ್ಕ ಸೊಸೆಯನ್ನು ನೋಡಿದಳು. ಬೆಳಿಗ್ಗೆ ತಾನು ಮಾಡಿದ್ದು ದೊಡ್ಡ ಕೆಲಸ ಎಂದುಕೊಂಡಿದ್ದಳು, ಸುಳ್ಳು ಯಾಕೆ, ಒಳಗೊಳಗೇ ಸ್ವಲ್ಪ ಬೀಗಿಯೂ ಇದ್ದಳು. ನಾಯಿಯನ್ನು ಉಳಿಸಿಕೊಳ್ಳಲು ಹೋಗಿ ಈ ಹುಡುಗಿಯ ಎದೆಗೆ ಎಂಥ ಮುಳ್ಳು ಚುಚ್ಚಿಬಿಟ್ಟೆ ಎಂಬುದು ಈಗ ಕಂಡಿತು. ಇಷ್ಟು ದಿನ ಮಹಾನಂದಾ, ಕರಿ ನಾಯಿ ತಗೊಳ್ಳಲಿಲ್ಲ ಎಂದು ಅದನ್ನು ದೂರುತ್ತ ಹೇಗೋ ಬದುಕಿದ್ದಳು. ಇನ್ನು ಮುಂದೆ ತನ್ನನ್ನೇ ದೂರಿಕೊಂಡು ಬದುಕುತ್ತಾಳೆ. ಇವಳು ಎಷ್ಟು ವರ್ಷ ಬದುಕುತ್ತಾಳೋ ಅಷ್ಟು ವರ್ಷವೂ.

ಬಸಕ್ಕ ಸೊಸೆಯ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಬೆಳಗಿನ ಹಿಟ್ಟು ಇನ್ನೂ ಆಕೆಯ ಉಗುರಲ್ಲಿ ಒಣಗಿ ಕೂತಿತ್ತು.

‘ನನ್ನ ಮಾರಿ ನೋಡು. ರೊಟ್ಟಿ ಬರೇ ರೊಟ್ಟಿ ಐತಿ. ಅದರಾಗ ಏನೂ ಬರೂದಿಲ್ಲ, ಏನೂ ಹೋಗೂದಿಲ್ಲ. ನೀ ತಿಂದ್ರೂ ಅವ ಉಳೀತಿರಲಿಲ್ಲ, ನಾ ತಿಂದ್ರೂ ಉಳೀತಿರಲಿಲ್ಲ. ಜ್ವರ ದೊಡ್ಡದಿತ್ತು, ಕೂಸು ಸಣ್ಣದಿತ್ತು. ಅಷ್ಟ.’

‘ಮತ್ತ ಇಷ್ಟು ವರ್ಷ ನೀವು ಮಂದಿ ಕೂಸಿಗೆಲ್ಲ…’

‘ಸುಳ್ಳು ಹೇಳಿದೆ.’ ಬಸಕ್ಕ ಕಣ್ಣು ಮಿಟುಕಿಸಲಿಲ್ಲ. ‘ಕರೀತಿದ್ರು, ಹೋಗ್ತಿದ್ದೆ. ಬಸಕ್ಕ ಬಂದ್ಲು ಅಂದ್ರ ನನಗೂ ಹಿಗ್ಗು. ಅಷ್ಟ ಮತ್ತ. ಇನ್ನ ಯಾರರ ಕರದ್ರ, ಡಾಕ್ಟರ್ ಕಡಿ ಹೋಗ್ರಿ ಅಂತೀನಿ. ನನ್ನ ಅವ್ವನ ಆಣಿ ಮಾಡಿ ಹೇಳ್ತೀನಿ, ಬರೇ ರೊಟ್ಟಿ ಅದು.’

ಅವ್ವನ ಹೆಸರಿನ ಆಣೆಯನ್ನು ಬಸಕ್ಕ ಅಲ್ಲಿಯವರೆಗೆ ಯಾವತ್ತೂ ಮಾಡಿರಲಿಲ್ಲ. ಮಹಾನಂದಾ ಆಕೆಯ ಮುಖವನ್ನೇ ನೋಡಿದಳು. ಆಮೇಲೆ ಅತ್ತೆಯ ಹೆಗಲಿಗೆ ತಲೆ ಆನಿಸಿದಳು, ಸಣ್ಣಗೆ ಅಳತೊಡಗಿದಳು. ಬಸಕ್ಕ ಅವಳ ಬೆನ್ನು ಸವರಿದಳು.

ಅರಿಸಿನ, ಉಪ್ಪು ಬಿದ್ದ ಹೊಟ್ಟೆ ಬೆಳಗಿನಿಂದಲೂ ಕಿವುಚುತ್ತಲೇ ಇತ್ತು. ಈಗ ಒಂದು ಸಲ ಜೋರಾಗಿ ಹಿಂಡಿತು. ಬೆನ್ನ ಮೇಲೆ ತಣ್ಣನೆಯ ಬೆವರು ಇಳಿಯಿತು. ಇದು ಅದೇನಾ, ನಾಯಿಯಿಂದ ತಾನು ತಗೊಂಡದ್ದೇ ಇರಬಹುದೇ ಎಂದು ಬಸಕ್ಕನ ಜೀವ ಹಾರಿತು. ಸೊಸೆ ತಲೆ ಎತ್ತಿ, ‘ಯಾಕ್ರಿ ಅತ್ತಿ, ಏನರ ಆಗಾಕತ್ತೈತೇನು?’ ಎಂದು ಕೇಳಿದಳು.

‘ಏನೂ ಇಲ್ಲ’ ಅಂದಳು ಬಸಕ್ಕ. ‘ಬರೇ ರೊಟ್ಟಿ.’